ತೆರೆದ ಬಾಗಿಲುಗಳ ಸೂಚಿ: ಸಾಧನ-ಶೋಧಯಂತ್ರಗಳ ತೌಲನಿಕ ವಿಮರ್ಶೆ

೧

ಶಿವಾಜಿನಗರದ ಅಂಚೆ ವಿಳಾಸವನ್ನು ಹೊತ್ತಿರುವ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು ೧೯೧೯ರಲ್ಲಿ ಮಹಾಭಾರತದ ಪರಿಷ್ಕರಣಕ್ಕೆ ಕೈಹಚ್ಚಿ ೧೯೬೬ರಲ್ಲಿ ಅದನ್ನು ಮುಗಿಸಿದುದು ಭಾರತೀಯ ವಿದ್ವತ್ತೆಯ ಇತಿಹಾಸದಲ್ಲಿ ದೊಡ್ಡದೊಂದು ಘಟನೆ. ಸಂಪಾದಕರು ೧,೨೫೯ ಹಸ್ತಪ್ರತಿಗಳನ್ನು ಒಂದರೊಡನೊಂದು ಹೋಲಿಸಿ ನೋಡಿದರು. ಡಾ. ವಿ. ಎಸ್. ಸುಖಠಣಕರರು ೧೯೩೩ರ ಆದಿಪರ್ವದ ಉಪೋದ್ಘಾತದಲ್ಲಿ ನೆಲೆಗೊಳಿಸಿದ ಕ್ರಮದ ಸಾರವು ಇಷ್ಟೇ: ಒಂದು ಪಾಠವನ್ನು ಎಷ್ಟು ಪ್ರತಿಗಳು ಹೇಳುತ್ತವೆ ಎಂಬುದು ಮುಖ್ಯವಲ್ಲ; ಪರಸ್ಪರ ಸ್ವತಂತ್ರವಾದ ಶಾಖೆಗಳು ಅದನ್ನು ಹೇಳುತ್ತವೆಯೇ ಎಂಬುದು ಮುಖ್ಯ. ಪ್ರತಿಗಳನ್ನು ಎಣಿಸಬಾರದು, ತೂಗಬೇಕು.

ಈ ಮಾತನ್ನು ಇಲ್ಲಿ ನೆನೆಯಲು ಕಾರಣವಿದೆ. ಇಂದು ಜಗತ್ತಿನ ಕೋಟ್ಯಂತರ ಯಂತ್ರಗಳು ಅಂತರ್ಜಾಲಕ್ಕೆ ತಗುಲಿಕೊಂಡಿವೆ. ಬ್ಯಾಂಕಿನ ಸರ್ವರ್, ವಸತಿ ಸಂಕೀರ್ಣದ ಕಾವಲು ಕ್ಯಾಮೆರಾ, ನೀರೆತ್ತುವ ಪಂಪಿನ ನಿಯಂತ್ರಕ, ಮನೆಯ ಮೂಲೆಯಲ್ಲಿ ಮಿನುಗುವ ರೂಟರ್ ಎಲ್ಲವೂ ಈ ಸಮೂಹಕ್ಕೆ ಸೇರಿದವು. ಇವುಗಳಲ್ಲಿ ಯಾವುದು ಎಲ್ಲಿದೆ, ಯಾವ ಬಾಗಿಲನ್ನು ತೆರೆದಿಟ್ಟಿದೆ ಎಂಬುದನ್ನು ದಾಖಲಿಸುವ ಶೋಧಯಂತ್ರಗಳು ಕಳೆದ ಒಂದೂವರೆ ದಶಕದಲ್ಲಿ ಹುಟ್ಟಿ ಬೆಳೆದಿವೆ. ಶೋಡಾನ್, ಸೆನ್ಸಿಸ್, ಝೂಮ್‌ಐ, ಫೋಫಾ ಇವುಗಳಲ್ಲಿ ಪ್ರಮುಖವಾದ ನಾಲ್ಕು. ಭದ್ರತಾ ಸಂಶೋಧನೆಯಲ್ಲಿ ತೊಡಗಿದವರಿಗೆ ಇವು ನಿತ್ಯದ ಆಕರಗಳು. ಅದೇ ಶಿವಾಜಿನಗರದಲ್ಲಿ, ೧೮೫೪ರಲ್ಲಿ ಸ್ಥಾಪಿತವಾಗಿ ೨೦೨೨ರಲ್ಲಿ ವಿಶ್ವವಿದ್ಯಾಲಯವಾದ ಎಂಜಿನಿಯರಿಂಗ್ ಕಾಲೇಜಿನ ಅಂಗಳದಲ್ಲಿಯೂ, ಹಿಂಜವಡಿಯ ಕಚೇರಿಗಳಲ್ಲಿಯೂ, ಧಾರವಾಡ, ಬೆಳಗಾವಿ, ವಿಜಯಪುರಗಳಿಂದ ಬಂದ ಕನ್ನಡ ತರುಣರು ಈ ಆಕರಗಳನ್ನು ಬಳಸಬಲ್ಲವರಾಗಿದ್ದಾರೆ. ಆದರೆ ಈ ಯಂತ್ರಗಳ ಹೋಲಿಕೆಯೆಂದು ಸಾಮಾನ್ಯವಾಗಿ ಪ್ರಕಟವಾಗುವುದು ಒಂದು ಪಟ್ಟಿ ಮಾತ್ರ. ಯಾವ ಯಂತ್ರ ಎಷ್ಟು ಕೋಟಿ ಸಾಧನಗಳನ್ನು ತೋರಿಸುತ್ತದೆ, ಎಷ್ಟು ಹಣ ಕೇಳುತ್ತದೆ ಎಂಬುದರಾಚೆಗೆ ಆ ಪಟ್ಟಿ ಹೋಗುವುದಿಲ್ಲ. ಪ್ರತಿಗಳನ್ನು ಎಣಿಸಿದಂತಾಯಿತು; ತೂಗಿದಂತಾಗಲಿಲ್ಲ. ಗ್ರಂಥಸಂಪಾದನೆಯ ಒರೆಗಲ್ಲಿಗೆ ಈ ಹೊಸ ಆಕರಗಳನ್ನು ಹಚ್ಚಿ ನೋಡುವುದು ಪ್ರಸ್ತುತ ವಿಮರ್ಶೆಯ ಉದ್ದೇಶ.

೨

ಮೊದಲು ಈ ಯಂತ್ರಗಳ ಸ್ವರೂಪವನ್ನು ತಿಳಿಯಬೇಕು. ಸಾಮಾನ್ಯ ಶೋಧಯಂತ್ರವು ಪುಟಗಳಲ್ಲಿರುವ ಬರಹವನ್ನು ಓದುತ್ತದೆ. ಸಾಧನ-ಶೋಧಯಂತ್ರವಾದರೋ ಒಂದೊಂದು ಐಪಿ ವಿಳಾಸದ ಬಳಿಗೆ ಹೋಗಿ ಅದರ ಬಾಗಿಲು ತಟ್ಟುತ್ತದೆ. ಈ ಬಾಗಿಲಿಗೆ ಪೋರ್ಟ್ ಎಂದು ಹೆಸರು. ಒಂದು ವಿಳಾಸಕ್ಕೆ ಇಂಥ ೬೫,೫೩೬ ಬಾಗಿಲುಗಳು. ತಟ್ಟಿದಾಗ ಒಳಗಿನಿಂದ ಬರುವ ಮೊದಲ ಮಾತಿಗೆ ಬ್ಯಾನರ್ ಎನ್ನುತ್ತಾರೆ. ತಾನು ಇಂಥ ಕಂಪನಿಯ ಕ್ಯಾಮೆರಾ, ತನ್ನ ತಂತ್ರಾಂಶದ ಆವೃತ್ತಿ ಇದು ಎಂದು ಅನೇಕ ಯಂತ್ರಗಳು ಅಪರಿಚಿತನಿಗೂ ತಮ್ಮ ಕುಲಗೋತ್ರಗಳನ್ನು ಹೇಳಿಬಿಡುತ್ತವೆ. ಆ ಮಾತನ್ನು ಬರೆದುಕೊಂಡು, ತಾರೀಖು ಹಾಕಿ, ಹುಡುಕಲು ಅನುಕೂಲವಾಗುವಂತೆ ಜೋಡಿಸಿಡುವುದು ಶೋಧಯಂತ್ರದ ಕೆಲಸ.

ಈ ಮಾರ್ಗವನ್ನು ಸಾರ್ವಜನಿಕವಾಗಿ ತೆರೆದವನು ಜಾನ್ ಮ್ಯಾಥರ್ಲಿ. ಅವನು ೨೦೦೯ರಲ್ಲಿ ಶೋಡಾನನ್ನು ಬಳಕೆಗೆ ತಂದನು. ೨೦೧೩ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಝಾಕಿರ್ ದುರುಮೆರಿಕ್ ಮತ್ತು ಸಹಚರರು ಝೆಡ್‌ಮ್ಯಾಪ್ ಎಂಬ ಉಪಕರಣವನ್ನು ಪ್ರಕಟಿಸಿದರು. ಹಳೆಯ ಕ್ರಮದ, ಎಂದರೆ ಐಪಿ ನಾಲ್ಕನೆಯ ಆವೃತ್ತಿಯ, ಸುಮಾರು ೪೨೯ ಕೋಟಿ ವಿಳಾಸಗಳ ಒಂದೊಂದು ಬಾಗಿಲನ್ನು ಅದು ೪೫ ನಿಮಿಷಗಳೊಳಗೆ ತಟ್ಟಿ ಬರಬಲ್ಲದು. ಆ ಪ್ರಯತ್ನದ ಮುಂದುವರಿಕೆಯಾಗಿ ೨೦೧೫ರಲ್ಲಿ ಸೆನ್ಸಿಸ್ ಬಂದಿತು. ಮೊದಲು ವಿದ್ಯಾಪೀಠದ ಯೋಜನೆಯಾಗಿದ್ದ ಅದು ಅನಂತರ ವಾಣಿಜ್ಯ ಸಂಸ್ಥೆಯಾಯಿತು. ಚೀನದ ನೋನ್‌ಸೆಕ್ ಸಂಸ್ಥೆಯ ಝೂಮ್‌ಐ ೨೦೧೩ರದು. ಫೋಫಾ ಕೂಡ ಚೀನದ್ದೇ. ಹೀಗೆ ಈ ನಾಲ್ಕರಲ್ಲಿ ಎರಡು ಅಮೆರಿಕದ ಶಾಖೆ, ಎರಡು ಚೀನದ ಶಾಖೆ. ಮಹಾಭಾರತದ ಉತ್ತರ ದಕ್ಷಿಣ ಶಾಖೆಗಳಂತೆ ಇವು ಒಂದೇ ಮೂಲವನ್ನು ನೋಡುತ್ತಿದ್ದರೂ ನೋಡುವ ನೆಲೆ ಬೇರೆ, ಬರೆದುಕೊಳ್ಳುವ ರೂಢಿ ಬೇರೆ.

ಇಲ್ಲೊಂದು ಲೆಕ್ಕವನ್ನು ಗಮನಿಸಬೇಕು. ಒಂದು ಬಾಗಿಲಿಗೆ ೪೫ ನಿಮಿಷವಾದರೆ ೬೫,೫೩೬ ಬಾಗಿಲುಗಳಿಗೆ, ಅದೇ ಒಂದು ಯಂತ್ರದಿಂದ, ೨,೦೪೮ ದಿನಗಳು. ಎಂದರೆ ಐದೂವರೆ ವರ್ಷಕ್ಕೂ ಹೆಚ್ಚು. ಯಂತ್ರಗಳ ಸಂಖ್ಯೆಯನ್ನು ಹೆಚ್ಚಿಸಿ ಕಾಲವನ್ನು ತಗ್ಗಿಸಬಹುದು. ಆದರೂ ಎಲ್ಲ ಬಾಗಿಲುಗಳನ್ನೂ ಎಲ್ಲ ಹೊತ್ತಿನಲ್ಲಿಯೂ ನೋಡುವುದು ಯಾರಿಗೂ ಸಾಧ್ಯವಿಲ್ಲ. ಯಾವುದನ್ನು ಮತ್ತೆ ಮತ್ತೆ ನೋಡಬೇಕು, ಯಾವುದನ್ನು ಅಪರೂಪಕ್ಕೆ ನೋಡಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆ ಅನಿವಾರ್ಯವಾಗುತ್ತದೆ. ಆ ಆಯ್ಕೆಯೇ ಸಂಪಾದನೆ. ಆದುದರಿಂದ ಈ ಯಂತ್ರಗಳು ಅಂತರ್ಜಾಲದ ಕನ್ನಡಿಗಳೆಂಬ ಪ್ರಚಲಿತ ಮಾತು ಒಪ್ಪತಕ್ಕದ್ದಲ್ಲ. ಇವು ಅಂತರ್ಜಾಲದ ಪ್ರತಿಗಳು. ಲಿಪಿಕಾರನ ಕೈ ಪ್ರತಿಯೊಂದರಲ್ಲಿಯೂ ಇದೆ.

೩

ಲಿಪಿಕಾರನ ಕೈ ಹೇಗೆ ಭಿನ್ನವಾಗುತ್ತದೆ ಎಂಬುದನ್ನು ಒಂದೊಂದಾಗಿ ನೋಡಬಹುದು. ಶೋಡಾನಿನ ಮೂಲ ಘಟಕ ಬ್ಯಾನರು. ಯಾದೃಚ್ಛಿಕವಾಗಿ ಒಂದು ವಿಳಾಸವನ್ನೂ ತನಗೆ ಗೊತ್ತಿರುವ ಬಾಗಿಲುಗಳ ಪಟ್ಟಿಯಿಂದ ಒಂದನ್ನೂ ಆರಿಸಿ ತಟ್ಟುವುದು ಅದರ ಕ್ರಮ. ಸಿಕ್ಕಿದ ಮಾತನ್ನು ಬಹುಮಟ್ಟಿಗೆ ಸಿಕ್ಕಂತೆಯೇ ಮುಂದಿಡುವುದು ಅದರ ಗುಣ. ಕೈಗಾರಿಕಾ ನಿಯಂತ್ರಕಗಳು, ಕ್ಯಾಮೆರಾಗಳು ಮೊದಲಾದ ಅಪರೂಪದ ಸಾಧನಗಳ ಭಾಷೆಯನ್ನು ಅದು ಬಹುಕಾಲದಿಂದ ಬಲ್ಲದು. ಅನನುಭವಿಗೂ ಸುಲಭವಾದ ಆಕರವೆಂದು ಅದು ಖ್ಯಾತಿವೆತ್ತದ್ದು ನ್ಯಾಯವೇ.

ಸೆನ್ಸಿಸ್‌ನ ಮೂಲ ಘಟಕ ಬ್ಯಾನರಲ್ಲ, ಯಂತ್ರ. ಒಂದು ವಿಳಾಸದಲ್ಲಿ ಕಂಡ ಎಲ್ಲ ಸೇವೆಗಳನ್ನೂ ಒಂದೇ ದಾಖಲೆಯಲ್ಲಿ, ಖಚಿತವಾದ ಅಂಕಣಗಳಲ್ಲಿ ಅದು ಜೋಡಿಸುತ್ತದೆ. ಇದಕ್ಕಿಂತ ದೊಡ್ಡ ಗುಣವೆಂದರೆ ಅದು ಪ್ರಮಾಣಪತ್ರಗಳನ್ನು ಸಂಗ್ರಹಿಸಿರುವುದು. ಸುರಕ್ಷಿತ ಸಂಪರ್ಕಕ್ಕಾಗಿ ಯಂತ್ರಗಳು ತೋರಿಸುವ ಈ ಪತ್ರಗಳಲ್ಲಿ ಸಂಸ್ಥೆಯ ಹೆಸರುಗಳು ಇರುತ್ತವೆ. ಒಂದು ಪತ್ರದ ಜಾಡು ಹಿಡಿದು, ಸಂಸ್ಥೆಯೊಂದು ತಾನೇ ಮರೆತುಬಿಟ್ಟ ಹಳೆಯ ಸರ್ವರನ್ನು ಗುರುತಿಸಲು ಸಾಧ್ಯವಾಗುತ್ತದೆ. ದಾನಶಾಸನದಲ್ಲಿ ಬರುವ ಊರ ಹೆಸರಿನಿಂದ ಕಳೆದುಹೋದ ಅಗ್ರಹಾರವನ್ನು ಗುರುತಿಸುವ ಶಾಸನಜ್ಞನ ಕೆಲಸಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ.

ಝೂಮ್‌ಐ ಸಾಧನಗಳನ್ನೂ ಜಾಲತಾಣಗಳನ್ನೂ ಪ್ರತ್ಯೇಕ ಶೋಧಕಗಳಿಂದ ಅರಸಿ, ಅವೆರಡನ್ನೂ ಒಂದೆಡೆ ತರುತ್ತದೆ. ಹಳೆಯ ದಾಖಲೆಗಳನ್ನು ಬೇಗನೆ ಕೈಬಿಡದಿರುವ ಅದರ ಪ್ರವೃತ್ತಿ ಇತಿಹಾಸವನ್ನು ಹುಡುಕುವವನಿಗೆ ಗುಣ, ಇಂದಿನ ಸ್ಥಿತಿಯನ್ನು ಕೇಳುವವನಿಗೆ ದೋಷ. ಫೋಫಾದ ಬಲವು ಉತ್ಪನ್ನಗಳನ್ನು ಗುರುತಿಸುವ ನಿಯಮಗಳಲ್ಲಿದೆ. ಜಾಲತಾಣದ ತಲೆಯ ಮೇಲೆ ಕಾಣುವ ಪುಟ್ಟ ಚಿಹ್ನೆಯ ಗಣಿತ ಮುದ್ರೆಯಿಂದ ಅದೇ ಚಿಹ್ನೆಯುಳ್ಳ ಎಲ್ಲ ಯಂತ್ರಗಳನ್ನೂ ಹುಡುಕುವ ಸೌಕರ್ಯ ಅದರಲ್ಲಿದೆ. ಶೋಡಾನಿನಲ್ಲಿಯೂ ಇಂಥದು ಉಂಟು. ವರಾಹಲಾಂಛನವನ್ನು ಕಂಡು ತಾಮ್ರಪಟವು ಚಾಲುಕ್ಯರದೆಂದು ಊಹಿಸುವಂತೆ ಈ ಕ್ರಮ. ಆದರೆ ಲಾಂಛನವನ್ನು ಯಾರು ಬೇಕಾದರೂ ಕೆತ್ತಿಸಬಹುದು ಎಂಬ ಎಚ್ಚರ ಇಲ್ಲಿಯೂ ಬೇಕು.

ಈ ನಾಲ್ಕನ್ನು ಹೋಲಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ತಾರೀಖಿನದು. ಮನೆಯ ರೂಟರಿಗೆ ದೊರೆಯುವ ವಿಳಾಸ ಹಲವು ವೇಳೆ ದಿನದಿನಕ್ಕೂ ಬದಲಾಗುತ್ತದೆ. ಸೋಮವಾರ ಒಬ್ಬನ ಕ್ಯಾಮೆರಾ ಇದ್ದ ವಿಳಾಸದಲ್ಲಿ ಗುರುವಾರ ಮತ್ತೊಬ್ಬನ ರೂಟರ್ ಇರಬಹುದು. ಹಳೆಯ ದಾಖಲೆಯನ್ನು ಅಳಿಸದೆ ಹೊಸದನ್ನು ಸೇರಿಸುತ್ತ ಹೋದರೆ ಒಂದೇ ಕ್ಯಾಮೆರಾ ಹತ್ತು ಕ್ಯಾಮೆರಾಗಳಾಗಿ ಎಣಿಕೆಗೆ ಬರುತ್ತದೆ. ಹೆಚ್ಚು ಸಂಖ್ಯೆ ತೋರಿಸುವ ಯಂತ್ರವು ಹೆಚ್ಚು ಕಂಡಿರಬಹುದು, ಹೆಚ್ಚು ಮರೆಯದೆಯೂ ಇರಬಹುದು. ಇವೆರಡರಲ್ಲಿ ಯಾವುದು ನಿಜವೆಂಬುದನ್ನು ಸಂಖ್ಯೆ ತಾನಾಗಿ ಹೇಳಲಾರದು. ಕೊನೆಯ ಬಾರಿ ಕಂಡ ದಿನಾಂಕವು ಹೇಳುತ್ತದೆ. ಯಂತ್ರಗಳನ್ನು ನಡೆಸುವ ಸಂಸ್ಥೆಗಳೇ ಪ್ರಕಟಿಸುವ ಹೋಲಿಕೆಗಳಲ್ಲಿ ಅವರವರ ಯಂತ್ರ ಮೊದಲನೆಯ ಸ್ಥಾನ ಪಡೆಯುವುದನ್ನು ಕಂಡಾಗ ಈ ಎಚ್ಚರ ಇಮ್ಮಡಿಯಾಗಬೇಕು. ಒಂದು ಮಠದ ಪ್ರತಿಯ ಪ್ರಾಮಾಣ್ಯವನ್ನು ಆ ಮಠದ ಲಿಪಿಕಾರನಿಂದಲೇ ಕೇಳಿ ತೀರ್ಮಾನಿಸುವ ಸಂಪಾದಕನಿಲ್ಲ.

೪

ಎರಡನೆಯ ಪ್ರಶ್ನೆ ಸ್ಥಳದ್ದು. ಶೋಡಾನಿನಲ್ಲಿ ಊರ ಹೆಸರನ್ನು ಕೊಟ್ಟು ಹುಡುಕುವ ಅವಕಾಶವಿದೆ. ಪುಣೆ ಎಂದು ಕೊಟ್ಟೊಡನೆ ದೊಡ್ಡದೊಂದು ಸಂಖ್ಯೆ ಕಾಣಿಸಿಕೊಳ್ಳುತ್ತದೆ. ಪುಣೆಯ ಭದ್ರತೆ ಇಷ್ಟು ಶಿಥಿಲವೆಂದು ಆ ಸಂಖ್ಯೆಯನ್ನು ಹಿಡಿದು ಬರೆಯುವುದು ಸುಲಭ. ಆದರೆ ಆ ಸಂಖ್ಯೆಯಲ್ಲಿ ಪುಣೆಯೆಷ್ಟು?

ಮೈಕ್ರೋಸಾಫ್ಟ್ ಸಂಸ್ಥೆಯು ೨೦೧೫ರಲ್ಲಿ ಭಾರತದಲ್ಲಿ ಆರಂಭಿಸಿದ ಮೂರು ಅಜೂರ್ ಕ್ಲೌಡ್ ಪ್ರದೇಶಗಳಲ್ಲಿ ಮಧ್ಯಭಾರತವೆಂದು ಹೆಸರಿಟ್ಟಿರುವುದು ಪುಣೆಯಲ್ಲಿಯೇ ಇದೆ. ಯಾವ ಊರಿನ, ಯಾವ ದೇಶದ ಗ್ರಾಹಕನಾದರೂ ಅಲ್ಲಿ ಯಂತ್ರವನ್ನು ಬಾಡಿಗೆಗೆ ಹಿಡಿಯಬಹುದು. ಅವನ ಅಜಾಗ್ರತೆಯೂ ಪುಣೆಯ ಲೆಕ್ಕಕ್ಕೆ ಜಮೆಯಾಗುತ್ತದೆ. ಇನ್ನೊಂದು ಕಡೆ, ಪುಣೆಯ ಸಂಸ್ಥೆಯೊಂದು ತನ್ನ ಸರ್ವರನ್ನು ಮುಂಬಯಿಯಲ್ಲಿಯೋ ಸಿಂಗಪುರದಲ್ಲಿಯೋ ಇಟ್ಟಿದ್ದರೆ ಅದು ಪುಣೆಯ ಹೆಸರಿನಲ್ಲಿ ಸಿಕ್ಕುವುದಿಲ್ಲ. ವಿಳಾಸದಿಂದ ಊರನ್ನು ಊಹಿಸುವ ಕೋಶಗಳೂ ದೋಷರಹಿತವಲ್ಲ. ಅಮೆರಿಕದ ಸ್ಥಾನ ಖಚಿತವಾಗದ ಕೋಟ್ಯಂತರ ವಿಳಾಸಗಳನ್ನು ಇಂಥ ಕೋಶವೊಂದು ದೇಶದ ನಡುಮಧ್ಯದ ಒಂದು ಬಿಂದುವಿಗೆ ಹಚ್ಚಿದ್ದರಿಂದ, ಆ ಬಿಂದುವಿನಲ್ಲಿದ್ದ ಕ್ಯಾನ್ಸಸ್‌ನ ಹೊಲದ ಮನೆಯವರು ಮಾಡದ ಅಪರಾಧಗಳಿಗಾಗಿ ವರ್ಷಗಟ್ಟಲೆ ಪೊಲೀಸರ ತನಿಖೆಗೆ ಒಳಗಾದ ಸಂಗತಿ ೨೦೧೬ರಲ್ಲಿ ಹೊರಬಿದ್ದಿತು. ಊರಿನ ಮಟ್ಟದಲ್ಲಿಯೇ ಸ್ಥಿತಿ ಹೀಗಿರುವಾಗ, ಶಿವಾಜಿನಗರ, ಕೋಥರೂಡ, ಹಡಪ್ಸರಗಳೆಂಬ ಬಡಾವಣೆಯ ಮಟ್ಟದಲ್ಲಿ ಈ ಯಂತ್ರಗಳಿಂದ ನಿರ್ಣಯ ಪಡೆಯುವುದು ಸಲ್ಲದು.

ಕಾಣಿಸದಿರುವ ಭಾಗವು ಇದಕ್ಕಿಂತ ದೊಡ್ಡದು. ಭಾರತದಲ್ಲಿ ಬಹುಜನರು ಅಂತರ್ಜಾಲವನ್ನು ಬಳಸುವುದು ಮೊಬೈಲ್ ಜಾಲಗಳ ಮೂಲಕ. ಅಲ್ಲಿ ಸಾವಿರಾರು ಗ್ರಾಹಕರು ಹಳೆಯ ಕ್ರಮದ ಒಂದೇ ವಿಳಾಸವನ್ನು ಹಂಚಿಕೊಂಡಿರುತ್ತಾರೆ. ಹೊರಗಿನಿಂದ ತಟ್ಟಿದರೆ ಅವರ ಸಾಧನದವರೆಗೆ ಸದ್ದು ಮುಟ್ಟುವುದಿಲ್ಲ. ಹೊಸ ಕ್ರಮದ, ಎಂದರೆ ಆರನೆಯ ಆವೃತ್ತಿಯ, ವಿಳಾಸಗಳ ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲಿದೆ. ೨೦೧೬ರಲ್ಲಿ ಜಿಯೋ ಜಾಲ ಬಂದ ಮೇಲೆ ಈ ಬೆಳವಣಿಗೆ ತೀವ್ರವಾಯಿತು. ಹೊಸ ಕ್ರಮದ ಒಟ್ಟು ವಿಳಾಸಗಳು ೩೯ ಅಂಕಿಗಳ ಸಂಖ್ಯೆಯಷ್ಟು. ಅವುಗಳನ್ನು ಒಂದೊಂದಾಗಿ ತಟ್ಟುವುದು ಯಾವ ಯಂತ್ರಕ್ಕೂ ಆಗದ ಕೆಲಸ. ಬೇರೆ ಮೂಲಗಳಿಂದ ತಿಳಿದುಬಂದ ವಿಳಾಸಗಳನ್ನು ಮಾತ್ರ ನೋಡಬಹುದು. ಆದುದರಿಂದ ಹಳೆಯ ಕ್ರಮದ ಎಣಿಕೆಯ ಮೇಲೆ ಭಾರತವನ್ನು ಇತರ ದೇಶಗಳೊಡನೆ ಹೋಲಿಸಿ, ನಮ್ಮ ದೇಶ ಸುರಕ್ಷಿತವೆಂದೋ ಅಸುರಕ್ಷಿತವೆಂದೋ ಸಾರುವ ಲೇಖನಗಳು ಅರ್ಧ ಓಲೆಗರಿಯನ್ನು ಓದಿ ಕಾವ್ಯವನ್ನು ವಿಮರ್ಶಿಸಿದಂತೆ.

೫

ಮೂರನೆಯ ಪ್ರಶ್ನೆ ಪ್ರಕ್ಷಿಪ್ತದ್ದು. ಪಶ್ಚಿಮ ಗಂಗರ ಅನೇಕ ತಾಮ್ರಪಟಗಳನ್ನು ಜೆ. ಎಫ್. ಫ್ಲೀಟರು ಕೂಟಶಾಸನಗಳೆಂದು ತಳ್ಳಿಹಾಕಿದುದೂ, ಅದರ ಸುತ್ತ ಬಹುಕಾಲ ನಡೆದ ವಾದವೂ ಕನ್ನಡ ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿದವು. ಅಂತರ್ಜಾಲದಲ್ಲಿಯೂ ಕೂಟಶಾಸನಗಳಿವೆ. ಆಕ್ರಮಣಕಾರರನ್ನು ಸೆಳೆದು ಅವರ ನಡೆಯನ್ನು ಅಭ್ಯಸಿಸಲೆಂದೇ ಸಂಶೋಧಕರು ಕಾರ್ಖಾನೆಯ ನಿಯಂತ್ರಕದಂತೆ, ಕ್ಯಾಮೆರಾದಂತೆ ನಟಿಸುವ ಹುಸಿಯಂತ್ರಗಳನ್ನು ಇಟ್ಟಿರುತ್ತಾರೆ. ಇವಕ್ಕೆ ಹನಿಪಾಟ್ ಎಂದು ಹೆಸರು. ೨೦೧೩ರಲ್ಲಿ ಬಂದ ಕಾನ್‌ಪಾಟ್ ಎಂಬುದು ಸೀಮೆನ್ಸ್ ಕಂಪನಿಯ ನಿಯಂತ್ರಕದ ವೇಷ ಹಾಕುತ್ತದೆ. ಸ್ಥಾಪಿಸಿದವನು ಮೂಲದ ಹೆಸರುಗಳನ್ನು ಬದಲಾಯಿಸದಿದ್ದರೆ ಅದರ ಮಾತಿನಿಂದಲೇ ಅದನ್ನು ಗುರುತಿಸಬಹುದು. ಬದಲಾಯಿಸಿದ್ದರೆ ಗುರುತಿಸುವುದು ಕಷ್ಟ. ನಾಲ್ಕು ಶೋಧಯಂತ್ರಗಳೂ ಇಂಥದೊಂದನ್ನು ಕಂಡಿವೆ ಎಂದ ಮಾತ್ರಕ್ಕೆ ಅದು ನಿಜವಾದ ಕಾರ್ಖಾನೆಯಾಗುವುದಿಲ್ಲ. ನಾಲ್ವರು ಸಾಕ್ಷಿಗಳೂ ಒಂದೇ ವೇಷವನ್ನು ಕಂಡರೆಂದಷ್ಟೇ ಅದರ ಅರ್ಥ.

ಇದರ ಜೊತೆಯ ದೋಷ ಊಹಾಪಾಠದ್ದು. ತಂತ್ರಾಂಶದ ಆವೃತ್ತಿಸಂಖ್ಯೆಯನ್ನು ನೋಡಿ, ಆ ಆವೃತ್ತಿಯಲ್ಲಿ ಇಂಥಿಂಥ ದೌರ್ಬಲ್ಯಗಳಿದ್ದುವೆಂದು ತಿಳಿದು, ಆದುದರಿಂದ ಈ ಯಂತ್ರದಲ್ಲಿಯೂ ಅವು ಇವೆಯೆಂದು ಶೋಧಯಂತ್ರಗಳು ಸೂಚಿಸುವುದುಂಟು. ಆದರೆ ಡೆಬಿಯನ್, ರೆಡ್ ಹ್ಯಾಟ್ ಮೊದಲಾದ ವ್ಯವಸ್ಥೆಗಳು ಆವೃತ್ತಿಯ ಸಂಖ್ಯೆಯನ್ನು ಬದಲಿಸದೆಯೇ ಒಳಗಿನ ದೋಷವನ್ನು ಮಾತ್ರ ತಿದ್ದುವ ಪದ್ಧತಿಯನ್ನು ಇಟ್ಟುಕೊಂಡಿವೆ. ಹೊರಗಿನಿಂದ ಹಳೆಯದಾಗಿ ಕಾಣುವುದು ಒಳಗೆ ದುರಸ್ತಿಯಾಗಿರಬಹುದು. ಬ್ಯಾನರು ಪ್ರತಿಯಲ್ಲಿರುವ ಪಾಠ. ದೌರ್ಬಲ್ಯದ ಸೂಚನೆ ಸಂಪಾದಕನ ಊಹೆ. ಒಳ್ಳೆಯ ಆವೃತ್ತಿಯಲ್ಲಿ ಇವೆರಡನ್ನೂ ಬೇರೆ ಬೇರೆ ಅಕ್ಷರಗಳಲ್ಲಿ ಅಚ್ಚುಹಾಕುತ್ತಾರೆ. ಶೋಡಾನ್ ತಾನು ಪರೀಕ್ಷಿಸಿದ ದೌರ್ಬಲ್ಯಕ್ಕೂ ಊಹಿಸಿದ್ದಕ್ಕೂ ಭೇದವನ್ನು ತನ್ನ ದಾಖಲೆಯಲ್ಲಿ ಗುರುತಿಸುತ್ತದೆ. ಅದನ್ನು ಉಲ್ಲೇಖಿಸುವವರು ಆ ಭೇದವನ್ನು ಅನೇಕ ವೇಳೆ ಕೈಬಿಡುತ್ತಾರೆ. ದೋಷ ಇಲ್ಲಿ ಯಂತ್ರದ್ದಲ್ಲ, ಓದುಗನದು.

೬

ನಾಲ್ಕನೆಯ ಪ್ರಶ್ನೆ ಎಲ್ಲಕ್ಕಿಂತ ಗಂಭೀರವಾದದ್ದು. ತೆರೆದ ಬಾಗಿಲುಗಳ ಸೂಚಿಯಿಂದ ಊರಿನ ಭದ್ರತೆಯನ್ನು ಅಳೆಯಬಹುದೇ? ಇದಕ್ಕೆ ಶಿವಾಜಿನಗರದಲ್ಲಿಯೇ ಉತ್ತರವಿದೆ. ೧೯೦೬ರಲ್ಲಿ ಸ್ಥಾಪಿತವಾದ, ಗಣೇಶಖಿಂಡ ರಸ್ತೆಯಲ್ಲಿ ಮುಖ್ಯ ಕಚೇರಿಯುಳ್ಳ ಕಾಸ್ಮಾಸ್ ಸಹಕಾರಿ ಬ್ಯಾಂಕಿನಿಂದ ೨೦೧೮ರ ಆಗಸ್ಟ್ ೧೧ ಮತ್ತು ೧೩ರಂದು ಸುಮಾರು ೯೪ ಕೋಟಿ ರೂಪಾಯಿ ಅಪಹರಣವಾಯಿತು. ಎಟಿಎಂ ಯಂತ್ರದ ಕೋರಿಕೆಯನ್ನು ಬ್ಯಾಂಕಿನ ಮೂಲ ವ್ಯವಸ್ಥೆಗೆ ಮುಟ್ಟಿಸಿ ಒಪ್ಪಿಗೆ ತರುವ ಸ್ವಿಚ್ ಎಂಬ ವ್ಯವಸ್ಥೆಯ ಮಧ್ಯದಲ್ಲಿ ಹುಸಿ ಸ್ವಿಚ್ಚೊಂದು ನಿಂತು, ಬಂದ ಕೋರಿಕೆಗಳಿಗೆಲ್ಲ ತಾನೇ ಒಪ್ಪಿಗೆ ಕೊಟ್ಟಿತು. ೨೮ ದೇಶಗಳ ಎಟಿಎಂಗಳಿಂದ ಕೆಲವೇ ಗಂಟೆಗಳಲ್ಲಿ ಹಣ ಹೊರಬಿದ್ದಿತು. ಎರಡು ದಿನಗಳ ಮೇಲೆ ಸ್ವಿಫ್ಟ್ ವ್ಯವಸ್ಥೆಯ ಮೂಲಕ ಹಾಂಗ್‌ಕಾಂಗಿಗೆ ಮತ್ತಷ್ಟು ಹೋಯಿತು. ಈ ಪ್ರಕರಣದಲ್ಲಿ ೨೦೨೩ರಲ್ಲಿ ಪುಣೆಯ ನ್ಯಾಯಾಲಯವು ಹನ್ನೊಂದು ಜನರನ್ನು ಅಪರಾಧಿಗಳೆಂದು ತೀರ್ಮಾನಿಸಿತು.

ಆ ಹುಸಿ ಸ್ವಿಚ್ಚು ಬ್ಯಾಂಕಿನ ಒಳಜಾಲದ ಸಂಗತಿ. ಹೊರಗಿನ ಬಾಗಿಲು ತಟ್ಟುವ ಯಂತ್ರವು ಒಳಕೋಣೆಯಲ್ಲಿ ಕುಳಿತವನನ್ನು ಕಾಣಲಾರದು. ಸೂಚಿಯಲ್ಲಿ ಹೆಸರಿಲ್ಲದ ಸಂಸ್ಥೆ ಸುರಕ್ಷಿತವೆಂದು ಭಾವಿಸುವವರಿಗೆ ಇದು ಪಾಠ.

ಇದರಿಂದ ಸೂಚಿಯೇ ನಿಷ್ಪ್ರಯೋಜಕವೆಂಬ ತೀರ್ಮಾನವೂ ಸರಿಯಲ್ಲ. ೨೦೨೨ರ ಏಪ್ರಿಲ್‌ನಲ್ಲಿ ರೆಕಾರ್ಡೆಡ್ ಫ್ಯೂಚರ್ ಎಂಬ ಅಮೆರಿಕದ ಸಂಸ್ಥೆಯು, ಉತ್ತರ ಭಾರತದಲ್ಲಿ ಲಡಾಖಿನ ಗಡಿಗೆ ಸಮೀಪವಾದ ವಿದ್ಯುತ್ ವಿತರಣಾ ನಿಯಂತ್ರಣ ಕೇಂದ್ರಗಳ ಮೇಲೆ ನಡೆದ ಒಳನುಸುಳುವಿಕೆಯನ್ನು ಕುರಿತ ವರದಿಯೊಂದನ್ನು ಪ್ರಕಟಿಸಿತು. ಅಂತರ್ಜಾಲಕ್ಕೆ ತೆರೆದುಕೊಂಡಿದ್ದ, ಅನ್ಯರ ವಶವಾಗಿದ್ದ ಕ್ಯಾಮೆರಾ ಮತ್ತು ವಿಡಿಯೋ ದಾಖಲೆಯ ಪೆಟ್ಟಿಗೆಗಳನ್ನು ಆ ಕೃತ್ಯದಲ್ಲಿ ಮೆಟ್ಟಿಲುಗಳಾಗಿ ಬಳಸಿರುವ ಸಂಭವವನ್ನು ಆ ವರದಿ ಹೇಳಿತು. ಯಾರದೋ ಅಂಗಡಿಯ, ಯಾರದೋ ಕಟ್ಟಡದ ಕ್ಯಾಮೆರಾ ಇನ್ನಾರದೋ ವಿದ್ಯುಜ್ಜಾಲಕ್ಕೆ ಕಂಟಕವಾಗಬಲ್ಲದು. ಇಂಥ ಕ್ಯಾಮೆರಾವನ್ನು ಕಾಣಿಸುವುದರಲ್ಲಿ ಶೋಧಯಂತ್ರಗಳಿಗೆ ಸಮಾನವಾದದ್ದಿಲ್ಲ. ಬ್ಯಾಂಕಿನ ಒಳಕೋಣೆಯನ್ನು ಕಾಣದ ಸೂಚಿ ಬೀದಿಯ ಬಾಗಿಲನ್ನು ಕಾಣುತ್ತದೆ. ಅದರ ಅಧಿಕಾರವ್ಯಾಪ್ತಿ ಅಷ್ಟು. ಅಷ್ಟರಲ್ಲಿ ಅದು ನಂಬತಕ್ಕ ಸಾಕ್ಷಿ.

೭

ಇಂಥ ಸೂಚಿಗಳು ಕಳ್ಳರಿಗೆ ಕೈಪಿಡಿಗಳಲ್ಲವೇ, ಇವನ್ನು ನಿಷೇಧಿಸಬಾರದೇ ಎಂಬ ಆಕ್ಷೇಪ ಸಹಜವಾಗಿಯೇ ಏಳುತ್ತದೆ. ಇದನ್ನು ಹಗುರವಾಗಿ ತಳ್ಳಿಹಾಕಬಾರದು. ಯಾವ ಕ್ಯಾಮೆರಾ ಎಲ್ಲಿದೆಯೆಂದು ಹುಡುಕುವ ಶ್ರಮವನ್ನು ಇವು ದುಷ್ಟನಿಗೂ ತಪ್ಪಿಸುತ್ತವೆ ಎಂಬುದು ಸತ್ಯ. ಆದರೆ ೨೦೧೬ರ ಮಿರಾಯ್ ಪ್ರಕರಣವನ್ನು ಇಲ್ಲಿ ತೂಗಿ ನೋಡಬೇಕು. ಆ ದುಷ್ಟ ತಂತ್ರಾಂಶವು ಕಾರ್ಖಾನೆಯಿಂದಲೇ ಬಂದ ಸುಮಾರು ಅರವತ್ತು ಜೋಡಿ ಹೆಸರು-ಗುಪ್ತಪದಗಳನ್ನು ಹಿಡಿದು, ತಾನೇ ಬಾಗಿಲು ತಟ್ಟುತ್ತ ಹೋಗಿ ಲಕ್ಷಾಂತರ ಕ್ಯಾಮೆರಾ ರೂಟರುಗಳನ್ನು ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ ೨೧ರಂದು ಇಂಥ ಸಾಧನಗಳ ಸೈನ್ಯವು ಡಿನ್ ಸಂಸ್ಥೆಯ ಮೇಲೆ ಬಿದ್ದು ಅಮೆರಿಕದ ಪ್ರಸಿದ್ಧ ತಾಣಗಳನ್ನು ಗಂಟೆಗಟ್ಟಲೆ ಸ್ತಬ್ಧಗೊಳಿಸಿತು. ಅದಕ್ಕೆ ಯಾವ ಶೋಧಯಂತ್ರದ ನೆರವೂ ಬೇಕಾಗಿರಲಿಲ್ಲ. ೪೫ ನಿಮಿಷಗಳಲ್ಲಿ ಜಗತ್ತನ್ನು ಸುತ್ತುವ ಉಪಕರಣ ಎಲ್ಲರ ಕೈಯಲ್ಲಿರುವಾಗ ಸೂಚಿಯನ್ನು ಸುಟ್ಟರೆ ಕಳ್ಳನಿಗೆ ಕತ್ತಲೆಯಾಗುವುದಿಲ್ಲ. ಮನೆಯವನಿಗೆ ಮಾತ್ರ ಆಗುತ್ತದೆ.

ಹಾಗೆಂದು ನೋಡುವವನಿಗೆ ಯಾವ ಮಿತಿಯೂ ಇಲ್ಲವೆಂದಲ್ಲ. ೨೦೧೨ರಲ್ಲಿ ಅನಾಮಧೇಯನೊಬ್ಬನು ಗುಪ್ತಪದವಿಲ್ಲದ, ಅಥವಾ ಕಾರ್ಖಾನೆಯ ಗುಪ್ತಪದವಿದ್ದ, ಸುಮಾರು ೪,೨೦,೦೦೦ ಸಾಧನಗಳೊಳಗೆ ಹೊಕ್ಕು, ಅವುಗಳಿಂದಲೇ ಇಡೀ ಅಂತರ್ಜಾಲದ ಜನಗಣತಿಯನ್ನು ಮಾಡಿಸಿ ಫಲಿತಾಂಶವನ್ನು ಮರುವರ್ಷ ಪ್ರಕಟಿಸಿದನು. ಫಲ ಅಮೂಲ್ಯ, ಮಾರ್ಗ ಅಕ್ರಮ. ಬಾಗಿಲು ತಟ್ಟಿ ಒಳಗಿನವನು ಹೇಳಿದ ಹೆಸರನ್ನು ಬರೆದುಕೊಳ್ಳುವುದಕ್ಕೂ ಚಿಲಕ ತೆಗೆದು ಒಳಹೋಗುವುದಕ್ಕೂ ಇರುವ ಅಂತರ ಅಲ್ಪವಲ್ಲ. ಭಾರತದ ೨೦೦೦ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ ೪೩ನೆಯ ಕಲಮು ಒಡೆಯನ ಅನುಮತಿಯಿಲ್ಲದೆ ಕಂಪ್ಯೂಟರನ್ನು ಪ್ರವೇಶಿಸುವುದನ್ನು ಹೊಣೆಗಾರಿಕೆಗೆ ಒಳಪಡಿಸುತ್ತದೆ. ಶೋಧಯಂತ್ರದಲ್ಲಿ ಕಂಡ ಕ್ಯಾಮೆರಾದ ಗುಪ್ತಪದ ಇನ್ನೂ ಕಾರ್ಖಾನೆಯದೇ ಇರಬಹುದೇ ಎಂದು ಪರೀಕ್ಷಿಸಿ ನೋಡುವ ಉತ್ಸಾಹಿ ವಿದ್ಯಾರ್ಥಿ, ಉದ್ದೇಶವೆಷ್ಟೇ ಒಳ್ಳೆಯದಾಗಿದ್ದರೂ, ಈ ಗೆರೆಯನ್ನು ದಾಟಿದವನೇ.

ಕಂಡದ್ದನ್ನು ಯಾರಿಗೆ ಹೇಳಬೇಕೆಂಬ ಪ್ರಶ್ನೆಗೂ ಉತ್ತಮವಾದ ಮಾದರಿಗಳಿವೆ. ೨೦೦೪ರಲ್ಲಿ ಹುಟ್ಟಿದ ಶ್ಯಾಡೋಸರ್ವರ್ ಎಂಬ ಲಾಭರಹಿತ ಸಂಸ್ಥೆ ತಾನೂ ಅಂತರ್ಜಾಲವನ್ನು ಪ್ರತಿದಿನ ಅರಸುತ್ತದೆ. ಆದರೆ ಯಾವ ಜಾಲದ ದೋಷವಿದೆಯೋ ಆ ಜಾಲದ ಒಡೆಯನಿಗೂ ಆಯಾ ದೇಶದ ಅಧಿಕೃತ ಸಂಸ್ಥೆಗೂ ಉಚಿತವಾಗಿ ವರದಿ ಕಳುಹಿಸುತ್ತದೆ. ಭಾರತದಲ್ಲಿ ಈ ಕಾರ್ಯಕ್ಕೆ ೨೦೦೪ರಿಂದ ಸರ್ಟ್-ಇನ್ ಸಂಸ್ಥೆಯಿದೆ. ಘಟನೆಗಳನ್ನು ಆರು ಗಂಟೆಗಳೊಳಗೆ ತಿಳಿಸಬೇಕೆಂದು ಅದು ೨೦೨೨ರಲ್ಲಿ ಆದೇಶಿಸಿತು. ವಾಣಿಜ್ಯ ಶೋಧಯಂತ್ರಗಳು ಹಣ ಕೊಟ್ಟವನಿಗೆ ಹೆಚ್ಚು ತೋರಿಸುತ್ತವೆ; ಒಡೆಯನಿಗೆ ಹೇಳುವ ಕರ್ತವ್ಯವನ್ನು ಅವು ಹೊತ್ತಿಲ್ಲ. ಒಡೆಯನು ತಾನೇ ಬಂದು ತನ್ನ ಹೆಸರನ್ನು ಹುಡುಕಬೇಕು. ಹುಡುಕಬೇಕೆಂಬ ಅರಿವೇ ಇಲ್ಲದವನ ಗತಿಯೇನು ಎಂಬುದು ಇಲ್ಲಿನ ನಿಜವಾದ ನೈತಿಕ ಸಮಸ್ಯೆ. ಯಾವ ತೌಲನಿಕ ಪಟ್ಟಿಯಲ್ಲಿಯೂ ಈ ಅಂಕಣ ಕಾಣಿಸುವುದಿಲ್ಲ.

೮

ಇಷ್ಟರ ಮೇಲೆ ತೀರ್ಮಾನವನ್ನು ಹೇಳಬಹುದು. ಸಾಧನಗಳ ವೈವಿಧ್ಯವನ್ನು ಪರಿಚಯಿಸಿಕೊಳ್ಳುವುದಕ್ಕೂ ಕೈಗಾರಿಕಾ ಸಾಧನಗಳ ಮೊದಲ ಶೋಧಕ್ಕೂ ಶೋಡಾನ್ ಯೋಗ್ಯ. ಒಂದು ಸಂಸ್ಥೆಯ ಒಟ್ಟು ಆಸ್ತಿಯನ್ನು, ಅದು ಮರೆತದ್ದನ್ನೂ ಸೇರಿಸಿ, ಪಟ್ಟಿಮಾಡುವುದಕ್ಕೂ ಪರಿಮಾಣದ ಅಧ್ಯಯನಕ್ಕೂ ಸೆನ್ಸಿಸ್ ಮೇಲು; ಅದರ ಕ್ರಮವು ವಿದ್ವತ್ಪ್ರಬಂಧಗಳಲ್ಲಿ ಬಹಿರಂಗವಾಗಿ ವಿವರಿಸಲ್ಪಟ್ಟಿರುವುದು ಅದಕ್ಕಿರುವ ವಿಶೇಷ ಪ್ರಾಮಾಣ್ಯ. ಝೂಮ್‌ಐ ಮತ್ತು ಫೋಫಾಗಳನ್ನು ಸ್ವತಂತ್ರ ಶಾಖೆಯ ಸಾಕ್ಷಿಗಳಾಗಿ ಬಳಸಬೇಕು. ಅಮೆರಿಕದ ಶೋಧಕಗಳ ವಿಳಾಸಗಳನ್ನು ತಡೆದಿರುವ ಜಾಲಗಳು ಇವುಗಳಿಗೆ ಕಾಣಬಹುದು. ಆದರೆ ದಿನಾಂಕವನ್ನು ಪರಿಶೀಲಿಸದೆ ಇವುಗಳ ಸಂಖ್ಯೆಯನ್ನು ಉಲ್ಲೇಖಿಸಬಾರದು. ಒಂದೇ ಯಂತ್ರದ ಮೇಲೆ ನಿಂತ ಸಂಶೋಧನೆ ಏಕಪ್ರತಿಯ ಮೇಲೆ ನಿಂತ ಆವೃತ್ತಿಯಂತೆ ತಾತ್ಕಾಲಿಕ. ಎರಡು ಶಾಖೆಗಳೂ ಸಮೀಪದ ದಿನಾಂಕದಲ್ಲಿ ಒಪ್ಪಿದ್ದನ್ನು ಗ್ರಾಹ್ಯವೆಂದೂ, ಒಂದರಲ್ಲಿ ಮಾತ್ರ ಇರುವುದನ್ನು ಅಡಿಟಿಪ್ಪಣಿಗೆ ತಕ್ಕದ್ದೆಂದೂ ಇಟ್ಟುಕೊಂಡರೆ ಹೆಚ್ಚು ತಪ್ಪಾಗದು.

ಉಳಿದದ್ದು ಪ್ರವಾಸಿ ಕನ್ನಡಿಗರ ಸ್ವಂತ ಮಾತು. ೧೯೧೮ರಲ್ಲಿ ದ. ರಾ. ಬೇಂದ್ರೆಯವರು ಪದವಿ ಪಡೆದು ಹೊರಟ ಫರ್ಗ್ಯುಸನ್ ಕಾಲೇಜೂ ಇದೇ ಶಿವಾಜಿನಗರದಲ್ಲಿದೆ. ಅಂದು ಪುಣೆಗೆ ಬಂದ ಕನ್ನಡಿಗನು ವಿದ್ಯೆಯನ್ನು ತೆಗೆದುಕೊಂಡು ಮರಳಿದನು. ಇಂದು ಬಂದವನು ಇಲ್ಲಿಯೇ ಮನೆ ಮಾಡಿದ್ದಾನೆ. ಸಂಘ, ಶಾಲೆ, ವಸತಿ ಸಂಕೀರ್ಣಗಳ ಆಡಳಿತದಲ್ಲಿ ಕುಳಿತಿದ್ದಾನೆ. ಅಲ್ಲಿನ ಕ್ಯಾಮೆರಾಗಳನ್ನು ಯಾರೋ ತಂತಿ ಎಳೆಯುವ ಗುತ್ತಿಗೆದಾರನು ಕಾರ್ಖಾನೆಯ ಗುಪ್ತಪದದೊಡನೆ ನೇತುಹಾಕಿ ಹೋಗಿರುತ್ತಾನೆ. ಅವುಗಳ ಹೆಸರು ದೂರದೇಶದ ನಾಲ್ಕು ಸೂಚಿಗಳಲ್ಲಿ ಸೇರಿರಬಹುದು. ಆಡಳಿತ ಮಂಡಳಿಗೆ ಮಾತ್ರ ಗೊತ್ತಿರುವುದಿಲ್ಲ. ಅದೇ ಮಂಡಳಿಯ ಸದಸ್ಯರೊಬ್ಬರ ಮಗ ಹಿಂಜವಡಿಯಲ್ಲಿ ಹೊರದೇಶದ ಬ್ಯಾಂಕೊಂದರ ಬಾಗಿಲುಗಳನ್ನು ಈ ಸೂಚಿಗಳಲ್ಲಿ ದಿನವೂ ಹುಡುಕುವವನಾಗಿರುವುದು ಅಸಂಭವವೇನಲ್ಲ.

ಸಂಘದ ಅನುಮತಿ ಪಡೆದು, ಅದರ ಹೊರವಿಳಾಸವನ್ನು ಕೇಳಿ ತಿಳಿದುಕೊಂಡು, ಎರಡು ಸೂಚಿಗಳಲ್ಲಿ ಅದನ್ನು ನೋಡುವುದು ಅಂಥ ತರುಣನಿಗೆ ಒಂದು ಸಂಜೆಯ ಕೆಲಸ. ಗುಪ್ತಪದವನ್ನು ಬದಲಿಸಿ, ಅನಾವಶ್ಯಕವಾಗಿ ತೆರೆದ ಬಾಗಿಲನ್ನು ರೂಟರಿನಲ್ಲಿ ಮುಚ್ಚಿಸುವುದು ಇನ್ನೊಂದು ಸಂಜೆಯದು. ಸೂಚಿಯಲ್ಲಿ ಏನ‍ೂ ಕಾಣದಿದ್ದರೂ ಈ ಎರಡನೆಯ ಕೆಲಸವನ್ನು ಬಿಡಬಾರದೆಂಬುದನ್ನು ಕಾಸ್ಮಾಸ್ ಬ್ಯಾಂಕಿನ ಪ್ರಕರಣ ತಿಳಿಸಿದೆ.